ಬ್ಯಾಡ ಅಂದ ತಗ್ಗು

ಹುನಗುಂದದ ಸೀಮೆಯಲ್ಲಿ ‘ಬ್ಯಾಡ’ ಎಂಬ ಮಾತಿಗೆ ಬೆಲೆಯೇ ಇಲ್ಲ. ಉಂಡು ಏಳಲು ನೋಡುವ ಬೀಗರ ತಾಟಿನ ಮುಂದೆ ಇನ್ನೊಂದು ರೊಟ್ಟಿ ಹಿಡಿದು ನಿಂತ ಹೆಣ್ಣುಮಗಳಿಗೆ ಇದು ಚೆನ್ನಾಗಿ ಗೊತ್ತು. ಮೊದಲನೆಯ ಬ್ಯಾಡ ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದನ್ನು ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ತಾಟಿನಲ್ಲಿ ಬಿದ್ದಿರುತ್ತದೆ, ಅದರ ಮೇಲೆ ಬೆಣ್ಣೆಯೂ. ಒಂದೇ ಬ್ಯಾಡಕ್ಕೆ ಕೈ ಹಿಂತೆಗೆದುಕೊಂಡ ಮನೆಯವರು ಜಿಪುಣರೆಂದು ಊರೆಲ್ಲ ಹೆಸರಾಗುತ್ತದೆ. ಇಂಥಲ್ಲಿ ಹುಟ್ಟಿ, ಇಂಥ ರೊಟ್ಟಿಯನ್ನೇ ತಿಂದು ಐವತ್ತು ದಾಟಿದ ಹುಸೇನಪೀರ ಒಬ್ಬ ಹೆಣ್ಣುಮಗಳ ಬ್ಯಾಡವನ್ನು ಬ್ಯಾಡವೆಂದು ಕೇಳಿಸಿಕೊಳ್ಳಲಿಲ್ಲ ಎಂದರೆ ತಪ್ಪು ಯಾರದು? ಅವನದೇ. ಊರಿನ ರೂಢಿಯ ತಲೆಗೆ ಕಟ್ಟಿ ತಾನು ನುಣುಚಿಕೊಳ್ಳೋಣವೆಂದು ಅವನೂ ನೋಡಿದ. ಆಗಲಿಲ್ಲ.

ಹುಸೇನಪೀರನದು ಇಳಕಲ್ಲ ರಸ್ತೆಯ ಮೇಲೆ ಡೆಂಟಿಂಗ್ ಅಂಗಡಿ. ಕಾರು, ಜೀಪು, ಟೆಂಪೋ, ಯಾವುದರ ಮೈಗೆ ಪೆಟ್ಟು ಬಿದ್ದು ತಗ್ಗಾದರೂ ಬಡಿದು ಸಮ ಮಾಡಿಕೊಡುವುದು ಅವನ ಕಸುಬು. ಅಂಗಡಿಯ ಮುಂದೆ ‘ಇಲ್ಲಿ ತಗ್ಗು ತೆಗೆಯಲಾಗುವುದು’ ಎಂದು ಬರೆಸಿದ್ದ. ಕನ್ನಡದಲ್ಲಿ ತಗ್ಗು ತೆಗೆಯುವುದೆಂದರೆ ನೆಲ ಅಗೆಯುವುದು ಎಂದು ಬೋರ್ಡು ಬರೆದವನಿಗೂ ಹೊಳೆಯಲಿಲ್ಲ, ಬರೆಸಿದವನಿಗೂ ಹೊಳೆಯಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯ ಯಂಕಪ್ಪನಿಗೆ ಮಾತ್ರ ಹೊಳೆದು, ನಮ್ಮ ಹಿತ್ತಲದಲ್ಲಿ ಒಂದು ತಗ್ಗು ತೆಗೆಯಬೇಕಾಗಿದೆ, ಗುದ್ದಲಿ ತಗೊಂಡು ಬಾ ಎಂದು ಹೋಗಿಬರುವವರ ಮುಂದೆಲ್ಲ ಕಾಡುತ್ತಿದ್ದ. ಹುಸೇನಪೀರ ನಕ್ಕು ಸುಮ್ಮನಾಗುತ್ತಿದ್ದ. ಬೋರ್ಡು ಬದಲಿಸುವ ಉಸಾಬರಿಗೆ ಹೋಗಲಿಲ್ಲ.

ಅವನ ಅಪ್ಪ ಜಾಫರಸಾಬ ಕೆರೂರಿನ ಸಂತೆಯಲ್ಲಿ ಕೂತು ತಾಮ್ರದ ಕೊಡಗಳ ತಗ್ಗು ಬಡಿಯುತ್ತಿದ್ದವನು. ಕೊಡ ತಂದವಳ ಕೈಯಲ್ಲಿ ಒಂದು ತಂಬಿಗೆಯೋ ಬಟ್ಟಲೋ ಇದ್ದರೆ ಅದನ್ನೂ ಇಸಿದುಕೊಂಡು ಪುಕ್ಕಟೆ ಬಡಿದುಕೊಡುತ್ತಿದ್ದ. ಕಾಯಿಪಲ್ಲೆಯವರು ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುವುದಿಲ್ಲವೇ, ಹಾಗೆ ಇದು ಅವನ ಕೊಸರು. ಮಗ ಕಾರಿಗೆ ಬಂದರೂ ಕೊಸರು ಬಿಡಲಿಲ್ಲ. ಬಾಗಿಲು ಸಮ ಮಾಡಲು ಬಿಟ್ಟುಹೋದ ಗಾಡಿಯಲ್ಲಿ ಮತ್ತೊಂದು ಸಣ್ಣ ತಗ್ಗು ಕಂಡರೆ ಅದನ್ನೂ ತೆಗೆದು, ಮಾಲೀಕರು ಬಂದಾಗ ಏನೂ ಹೇಳದೆ ಪಕ್ಕದಲ್ಲಿ ನಿಲ್ಲುತ್ತಿದ್ದ. ಅವರಿಗೆ ಅದು ತಾನಾಗಿ ಕಂಡು ಮುಖ ಅರಳುವುದನ್ನು ನೋಡುವ ಚಟ ಅವನಿಗೆ. ಪುಕ್ಕಟೆ ಕೊಡುವವರಲ್ಲಿ ಇಂಥ ಚಟದವರೇ ಬಹಳ. ಕೊಟ್ಟದ್ದಕ್ಕಿಂತ ಹೆಚ್ಚು ಅವರು ಅಲ್ಲಿಯೇ ವಸೂಲು ಮಾಡಿಕೊಳ್ಳುತ್ತಾರೆ.

ಮಹೇಶ್ವರಿ ಅಕ್ಕೋರು ಅವನ ಅಂಗಡಿಗೆ ಬಂದದ್ದು ಬಂಪರ್ ಕೆಡಿಸಿಕೊಂಡು. ಮರೋಳದ ಸಾಲೆಯಲ್ಲಿ ಅವರು ಟೀಚರು, ಮನೆ ಇಳಕಲ್ಲಿನಲ್ಲಿ. ದಿನವೂ ತಮ್ಮ ಕೆಂಪು ಕಾರನ್ನು ತಾವೇ ಹೊಡೆದುಕೊಂಡು ಇವನ ಅಂಗಡಿಯ ಮುಂದೆಯೇ ಹಾಯುತ್ತಿದ್ದರು. ಗಂಡ ನಾಗಲಿಂಗ ತೀರಿಕೊಂಡ ಮೇಲೆ ಕಾರು ಕಲಿತವರು. ಸಾಲೆಯ ಗೇಟಿನಲ್ಲಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದ್ದರು. ಮೊಬೈಲಿನಲ್ಲಿ ಯಾರೋ ತೋರಿಸಿದ ಹಾಗೆ ಮನೆಯಲ್ಲೇ ಕುದಿಯುವ ನೀರು ಸುರಿದು, ಒಳಗಿನಿಂದ ಕೈ ಹಾಕಿ ನೂಕಿದ್ದರು. ಪ್ಲಾಸ್ಟಿಕ್ಕಿನ ಬಂಪರ್ ಅರ್ಧ ಹೊರಗೆ ಬಂದು, ಇನ್ನರ್ಧ ಮುಖ ಸೊಟ್ಟ ಮಾಡಿಕೊಂಡು ಕೂತಿತ್ತು. ಕೈ ಸುಟ್ಟುಕೊಂಡದ್ದೇ ಬಂತು ಎಂದು ಅವರೇ ನಕ್ಕರು.

ಹುಸೇನಪೀರ ಕಾರನ್ನು ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ, ಸ್ಟೇರಿಂಗಿನ ನೇರಕ್ಕೆ, ಅಂಗೈಯಗಲದ ಒಂದು ದುಂಡನೆಯ ತಗ್ಗಿತ್ತು. ಬಣ್ಣ ಎಲ್ಲೂ ಸೀಳಿರಲಿಲ್ಲ. ಬಾನೆಟ್ಟಿನ ಉದ್ದಕ್ಕೆ ಎದ್ದ ಗೆರೆಯ ಒಂದು ಅಂಚು ಮಾತ್ರ ಅದರೊಳಗೆ ಇಳಿದು ಹೋಗಿತ್ತು. ಇಂಥದ್ದು ಕಷ್ಟದ ಕೆಲಸ, ಕೈ ಪಳಗಿದವರಿಗಷ್ಟೇ ಆಗುವಂಥದ್ದು. ಅವನ ಬಾಯಲ್ಲಿ ನೀರೂರಿತು.

“ಅಕ್ಕೋರ, ಇದನ್ನೂ ತಗದ ಕೊಡ್ತೇನ್ರಿ,” ಎಂದ.

“ಬ್ಯಾಡ್ರಿ. ಅದು ಇರ್ಲಿ.”

“ರೊಕ್ಕದ ಮಾತಲ್ರಿ. ಇದು ನಮ್ಮ ಕೊಸರು.”

“ಬ್ಯಾಡ್ರಿ ಮಿಸ್ತ್ರಿ. ಬಂಪರ್ ಅಷ್ಟ ಮಾಡ್ರಿ.”

ಕೀಲಿ ಕೊಟ್ಟು ಬಸ್ಸಿನ ಕಡೆಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದು ಇನ್ನೊಮ್ಮೆ ಬ್ಯಾಡ ಎಂದು ಹೇಳಿ ಹೋದರು. ಎಂಥ ಸಂಕೋಚದ ಹೆಣ್ಣುಮಗಳು ಎಂದುಕೊಂಡ ಹುಸೇನಪೀರ. ಪುಕ್ಕಟೆ ಕೆಲಸ ಮಾಡಿಸಿಕೊಳ್ಳಲು ನಾಚಿಕೆ ಪಡುತ್ತಾರೆ ಎಂದು ಅವರ ಮೇಲೆ ಇನ್ನಷ್ಟು ಗೌರವ ಬಂತು. ಆ ಗೌರವದಲ್ಲಿಯೇ ಬಾನೆಟ್ಟನ್ನು ಎತ್ತಿ ನಿಲ್ಲಿಸಿದ.

ಬಂಪರು ಹೊತ್ತೇರುವುದರೊಳಗೆ ಮುಗಿಯಿತು. ಉಳಿದ ದಿನವೆಲ್ಲ ಬಾನೆಟ್ಟು. ಕೆಳಗಿನಿಂದ ಬಾಗಿದ ಸರಳು ತೂರಿಸಿ, ತಗ್ಗಿನ ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತ ಬಂದ. ಮೇಲೆ ಉಬ್ಬಿದಲ್ಲಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಒಮ್ಮೆ ಒತ್ತುವುದು, ಒಮ್ಮೆ ಬಗ್ಗಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಬಾನೆಟ್ಟಿನಲ್ಲಿ ನೋಡುವುದು. ತಗ್ಗಿದ್ದಲ್ಲಿ ಬೆಳಕಿನ ಗೆರೆ ಡೊಂಕಾಗುತ್ತದೆ, ಸಮವಾದಲ್ಲಿ ನೆಟ್ಟಗಾಗುತ್ತದೆ. ಊಟಕ್ಕೂ ಏಳಲಿಲ್ಲ. ಸಂಜೆಗೆ ಗೆರೆ ನೆಟ್ಟಗಾಯಿತು. ಬಣ್ಣದ ಒಂದು ಚಕ್ಕೆಯೂ ಹಾರಿರಲಿಲ್ಲ. ಅಪ್ಪ ಇದ್ದಿದ್ದರೆ ತೋರಿಸಬೇಕಿತ್ತು ಎನಿಸಿತು ಅವನಿಗೆ.

ಮರುದಿನ ಅಕ್ಕೋರು ಬಂದರು. ಬಂಪರ್ ನೋಡಿ ತಲೆಯಾಡಿಸಿ, ಮುಂದಕ್ಕೆ ಬಂದು ಬಾನೆಟ್ಟಿನ ಎದುರು ನಿಂತರು. ಅದರ ಮೇಲೆ ಕೈಯಾಡಿಸಿದರು. ಕೈ ಒಂದು ಕಡೆ ಹೋಯಿತು, ಮತ್ತೊಂದು ಕಡೆ ಹೋಯಿತು, ಕತ್ತಲಲ್ಲಿ ಸ್ವಿಚ್ಚು ತಡಕಾಡುವವರ ಹಾಗೆ. ಹುಸೇನಪೀರ ರೂಢಿಯಂತೆ ಪಕ್ಕದಲ್ಲಿ ನಿಂತು ಮುಖ ಅರಳುವುದನ್ನು ಕಾಯುತ್ತಿದ್ದ.

“ಇಲ್ಲೊಂದು ತಗ್ಗ ಇತ್ತಲ್ರಿ,” ಎಂದರು.

“ಎಲ್ಲೈತ್ರಿ ಈಗ?” ಎಂದ ಹುಸೇನಪೀರ, ನಗುತ್ತ.

ಅಕ್ಕೋರು ಅವನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಅವನ ಸಂಭ್ರಮ ಕಂಡು ಮುಚ್ಚಿಕೊಂಡರು. ಛಲೋ ಮಾಡೀರಿ ಎಂದು ಕೂಲಿ ಕೊಟ್ಟು ಕಾರಿನಲ್ಲಿ ಕೂತರು. ಕೂತವರು ಕಾರು ಚಾಲೂ ಮಾಡಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಬಾನೆಟ್ಟನ್ನೇ ನೋಡುತ್ತಿದ್ದರು. ಕೆಲಸ ಅಷ್ಟು ಮನಸ್ಸಿಗೆ ಬಂದಿದೆ ಎಂದುಕೊಂಡ ನಮ್ಮ ಶಾಣ್ಯಾ.

ಅಂದಿನಿಂದ ಆ ಕೆಂಪು ಕಾರು ಅಂಗಡಿಯ ಮುಂದೆ ನಿಧಾನವಾಗುವುದು ನಿಂತಿತು. ಮೊದಲಾದರೆ ಅಕ್ಕೋರು ಕೈ ಎತ್ತಿ ಹೋಗುವವರು, ಈಗ ನೆಟ್ಟಗೆ ರಸ್ತೆಯನ್ನೇ ನೋಡುತ್ತ ಹೋಗುತ್ತಿದ್ದರು. ಇಷ್ಟು ಮಾಡಿಕೊಟ್ಟರೂ ಸೊಕ್ಕು ನೋಡು ಎಂದು ಹುಸೇನಪೀರ ಯಂಕಪ್ಪನ ಮುಂದೆ ಗೊಣಗಿದ. ಏನು ಮಾಡಿಕೊಟ್ಟೆ ಎಂದು ಯಂಕಪ್ಪ ಕೇಳಿದ. ಇವನು ಹೇಳಿದ. ಯಂಕಪ್ಪನ ಕೈಯಲ್ಲಿದ್ದ ಟ್ಯೂಬು ನೀರಿನ ತೊಟ್ಟಿಯಲ್ಲೇ ಉಳಿಯಿತು.

“ಲೇ, ಅದು ನಾಗಲಿಂಗನ ತೆಂಗಿನಕಾಯಿ ಬಿದ್ದ ತಗ್ಗಲೇ. ಅದನ್ಯಾಕ ಮುಟ್ಟಿದಿ?”

ನಾಗಲಿಂಗ ಯಂಕಪ್ಪನ ಸಾಲೆಯ ಗೆಳೆಯ. ಹೊಸ ಕಾರು ಮನೆಗೆ ತಂದ ದಿನ ಪೂಜೆಗೆ ಅವನೂ ಹೋಗಿದ್ದನಂತೆ. ಕಾರಿಗೆ ಹಾರ, ಗಾಲಿಯ ಕೆಳಗೆ ಲಿಂಬೆಹಣ್ಣು, ಎಲ್ಲ ಆದ ಮೇಲೆ ನಾಗಲಿಂಗ ಕಾರಿಗೆ ಬೆನ್ನು ಮಾಡಿ, ಮನೆಯ ಮುಂದಿನ ಕಲ್ಲಿಗೆ ಒಡೆಯಲು ಕಾಯಿಯನ್ನು ತಲೆಯ ಮೇಲೆ ಎತ್ತಿದ. ಎತ್ತಿದ ಕಾಯಿ ಕೈ ಜಾರಿ ಹಿಂದಕ್ಕೆ ಹಾರಿ ಬಾನೆಟ್ಟಿನ ಮೇಲೆ ಬಿತ್ತು. ಕಾಯಿ ಒಡೆಯಲಿಲ್ಲ, ಕಾರು ತಗ್ಗಾಯಿತು. ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹೇಶ್ವರಿ ಒಬ್ಬರೇ ನಗಲಿಲ್ಲ. ಅಂದು ಶುರುವಾದ ಬೈಗುಳ ಗಂಡ ಇರುವವರೆಗೂ ನಡೆಯಿತು. ತಗ್ಗು ತೆಗೆಸುತ್ತೇನೆ ಎಂದು ನಾಗಲಿಂಗ ಹಬ್ಬಹಬ್ಬಕ್ಕೂ ಕೇಳುವುದು, ಇರಲಿ, ನಿಮ್ಮ ಶಾಣ್ಯಾತನದ ಗುರುತು ಎಂದು ಇವರು ಬಿಡದಿರುವುದು. ಆಮೇಲೆ ಒಂದು ದಿನ ಅವನು ಎದೆ ಹಿಡಿದುಕೊಂಡು ಹೋಗೇಬಿಟ್ಟ. ತಗ್ಗು ಉಳಿಯಿತು.

“ಅದನ್ನೂ ನೀ ತಗದಿ,” ಎಂದ ಯಂಕಪ್ಪ. ಈ ಸಲ ತಗ್ಗು ತೆಗೆಯುವ ಮಾತಿಗೆ ಅವನು ನಗಲಿಲ್ಲ.

ಹುಸೇನಪೀರ ಮೊದಲು ವಾದ ಮಾಡಿದ, ಅದೂ ತನ್ನ ಜೊತೆಗೇ. ನನಗೇನು ಕನಸು ಬಿದ್ದಿತ್ತೇ? ಇದು ನಮ್ಮ ಮನೆಯವರ ಗುರುತು ಎಂದು ಬಾಯಿ ಬಿಟ್ಟು ಹೇಳಬಾರದಿತ್ತೇ? ಆದರೆ ಅವರು ಬಾಯಿ ಬಿಟ್ಟೇ ಹೇಳಿದ್ದರು. ಬ್ಯಾಡ ಎಂದಿದ್ದರು. ಬ್ಯಾಡ ಎನ್ನುವವರು ಯಾಕೆ ಬ್ಯಾಡ ಎಂದು ಒಬ್ಬ ಡೆಂಟಿಂಗಿನವನಿಗೆ ವರದಿ ಒಪ್ಪಿಸಬೇಕೇ? ಮೂರನೆಯ ಸಲ ತಿರುಗಿ ಬಂದು ಹೇಳಿದಾಗ ಅವರ ಕೈ ಎಲ್ಲಿತ್ತು ಎಂಬುದು ಆಗ ನೆನಪಾಯಿತು. ಬಾನೆಟ್ಟಿನ ಮೇಲಿತ್ತು. ಬೆರಳುಗಳನ್ನು ಕೂಡಿಸಿ, ಮಗುವಿನ ನೆತ್ತಿಯ ಮೇಲೆ ಇಡುವಂತೆ, ಸರಿಯಾಗಿ ಆ ತಗ್ಗಿನ ಮೇಲೆ ಇಟ್ಟಿದ್ದರು. ಅವನು ಅದನ್ನು ನೋಡಿದ್ದ. ಕೈ ಯಾವಾಗ ಸರಿಯುತ್ತದೆ, ಗೆರೆ ಎಷ್ಟು ಇಳಿದಿದೆ ನೋಡಬೇಕು ಎಂದು ಕಾಯುತ್ತಿದ್ದ. ಗೊತ್ತಿಲ್ಲದೆ ಮಾಡಿದೆ ಎನ್ನುವ ಮಾತು ಅಲ್ಲಿಗೆ ಸತ್ತುಹೋಯಿತು. ಕಣ್ಣಾರೆ ಕಂಡು ಮಾಡಿದ ತಪ್ಪು ಅದು, ಬರೀ ತನ್ನ ಕೈಚಳಕದ ಮೇಲಿನ ಮೋಹಕ್ಕೆ ಮಾಡಿದ್ದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೆಂಪು ಬಣ್ಣದ ಯಾವ ಗಾಡಿ ರಸ್ತೆಯಲ್ಲಿ ಬಂದರೂ ಹುಸೇನಪೀರ ಕಾರಿನ ಕೆಳಗೆ ತೂರಿಕೊಳ್ಳತೊಡಗಿದ. ಕೆಲಸಕ್ಕೆ ಬಂದ ಗಾಡಿಗಳ ಮೈಮೇಲೆ ಸುತ್ತಿಗೆ ಎತ್ತಲು ಕೈ ಅಂಜುತ್ತಿತ್ತು. ಕುಳಗೇರಿ ಕ್ರಾಸಿನಿಂದ ಬಂದ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಗೆ, ಈ ತಗ್ಗು ಯಾರದ್ರಿ ಎಂದು ಕೇಳಿದ. ಯಾರದು ಅಂದರೆ, ನನ್ನದೇ, ಗಾಡಿ ನನ್ನದಲ್ಲವೇ ಎಂದು ಆತ ಕಣ್ಣು ಬಿಟ್ಟ. ಮಾಡಿದವರು ಯಾರು, ಈಗ ಇದ್ದಾರೋ ಎಂದು ಇವನು ಮತ್ತೆ ಕೇಳಿದ. ಎತ್ತು ಹಾಯ್ದದ್ದು, ಕೊಟ್ಟಿಗೆಯಲ್ಲಿ ಅರಾಮಿದೆ, ನಿನಗೆ ಅರಾಮಿಲ್ಲೇನು ಎಂದ ವ್ಯಾಪಾರಿ ಗಾಡಿ ತಗೊಂಡು ಬೇರೆ ಅಂಗಡಿಗೆ ಹೋದ.

ಆಗ ಅವನಿಗೆ ಒಂದು ಉಪಾಯ ತೋಚಿತು. ತೆಗೆದವನೇ ತಿರುಗಿ ಹಾಕಿಕೊಟ್ಟರೆ? ಆ ತಗ್ಗಿನ ಆಳ, ಅಂಚು, ಗೆರೆ ಎಲ್ಲಿ ಮುರಿದಿತ್ತು ಎಂಬುದೆಲ್ಲ ಅವನ ಬೆರಳಿಗೆ ಇನ್ನೂ ಗೊತ್ತಿತ್ತು. ಗುಜರಿಯಿಂದ ಅಂಥದ್ದೇ ಒಂದು ಹಳೆಯ ಬಾನೆಟ್ಟು ತಂದು ಹಿತ್ತಲಲ್ಲಿ ಮಲಗಿಸಿದ. ಸಂತೆಗೆ ಹೋಗಿ ಚೀಲ ತುಂಬ ತೆಂಗಿನಕಾಯಿ ತಂದ. ಬಾನೆಟ್ಟಿಗೆ ಬೆನ್ನು ಮಾಡಿ ನಿಂತು, ಕಾಯಿಯನ್ನು ತಲೆಯ ಮೇಲೆತ್ತಿ, ಹಿಂದಕ್ಕೆ ಬಿಟ್ಟ. ಒಂದು ನೆಲಕ್ಕೆ ಬಿತ್ತು. ಒಂದು ಬಾನೆಟ್ಟಿನ ಅಂಚಿಗೆ ಬಡಿದು ಒಡೆಯಿತು. ಒಂದು ತಗ್ಗು ಮಾಡಿತು, ಆದರೆ ಅದು ಉದ್ದನೆಯದು. ಮತ್ತೊಂದರ ತಗ್ಗು ಗೆರೆಯನ್ನು ಮುಟ್ಟಲೇ ಇಲ್ಲ. ಆಯುಷ್ಯವೆಲ್ಲ ತಗ್ಗು ತೆಗೆದವನಿಗೆ ಒಂದು ತಗ್ಗು ಹಾಕಲು ಬರಲಿಲ್ಲ ನೋಡಿ. ಕೊನೆಗೆ ಕಾಯಿ ಬಿಟ್ಟು ದುಂಡು ಸುತ್ತಿಗೆ ಹಿಡಿದ. ಅದರಿಂದ ಬಂತು, ಅಚ್ಚಿಗೆ ಅಚ್ಚು.

ಹೆಂಡತಿ ಕಾಸಿಂಬಿ ದಿನವೂ ಕೊಬ್ಬರಿ ಚಟ್ನಿ ಅರೆದು ಸಾಕಾಗಿ, ಇದು ಯಾವ ದೇವರ ಹರಕೆ ಎಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿಕೊಂಡ. ಶುಕ್ರವಾರದ ನಮಾಜಿನಲ್ಲಿ ಮಾಫಿ ಕೇಳಿದ್ದೇನೆ, ಆದರೂ ಎದೆ ಹಗುರಾಗಲಿಲ್ಲ ಎಂದ. ಹೇಗೆ ಆಗುತ್ತದೆ ಎಂದಳು ಕಾಸಿಂಬಿ. ಅಲ್ಲಾಹನಿಗೆ ಮಾಡಿದ ತಪ್ಪಿಗೆ ಅಲ್ಲಾಹನ ಮಾಫಿ, ಮಂದಿಯ ಹತ್ತಿರ ಕಸಿದುಕೊಂಡದ್ದಕ್ಕೆ ಮಂದಿಯೇ ಮಾಫಿ ಕೊಡಬೇಕು, ಮಸೀದಿಯಲ್ಲಿ ಕೂತು ಅದನ್ನು ಮುಗಿಸಲು ಆಗುವುದಿಲ್ಲ ಎಂದು ಹೇಳಿ, ಒಡೆದ ಕಾಯಿಗಳನ್ನು ಮೊರಕ್ಕೆ ತುಂಬಿಕೊಂಡು ಒಳಗೆ ಹೋದಳು.

ಆ ಆದಿತ್ಯವಾರ ಹುಸೇನಪೀರ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಇಳಕಲ್ಲಿಗೆ ಹೋದ. ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಮನೆಯ ಮುಂದೆ ಕೆಂಪು ಕಾರು ನಿಂತಿತ್ತು. ಅದರ ಬಾನೆಟ್ಟು ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತನ್ನ ಕೆಲಸ ನೋಡಿ ಅವನಿಗೆ ನಾಚಿಕೆಯಾದದ್ದು ಅದೇ ಮೊದಲು.

ಅಕ್ಕೋರು ಬಾಗಿಲಿಗೆ ಬಂದು, ಆಶ್ಚರ್ಯ ಪಡದೆ ಒಳಗೆ ಕರೆದು ಕುರ್ಚಿ ಕೊಟ್ಟರು. ಚಹಾ ಮಾಡಲೇ ಎಂದು ಕೇಳಿದರು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತ್ತು, ಆದರೂ ರೂಢಿಯಂತೆ ಬ್ಯಾಡ್ರಿ ಎಂದ. ಅವರು ಆತು ಎಂದು ಎದುರಿಗೆ ಕೂತುಬಿಟ್ಟರು. ಎರಡನೆಯ ಸಲ ಕೇಳಲಿಲ್ಲ. ಹುಸೇನಪೀರನ ಕಿವಿ ಬೆಚ್ಚಗಾಯಿತು. ತನ್ನ ಮಾತಿಗೆ ಬೆಲೆ ಕೊಟ್ಟರೋ, ತನಗೆ ಬುದ್ಧಿ ಕಲಿಸಿದರೋ ತಿಳಿಯಲಿಲ್ಲ. ಮುಂದಿನ ಉಪಚಾರದ ಮಾತುಗಳನ್ನೆಲ್ಲ ಬಿಟ್ಟು, ಹೇಳಬೇಕಾದದ್ದನ್ನು ನೇರವಾಗಿ ಹೇಳಿದ.

“ಅಕ್ಕೋರ, ಆ ತಗ್ಗ ಯಾರದಂತ ಈಗ ಗೊತ್ತಾತ್ರಿ. ಅವತ್ತ ನೀವು ಕೈ ಇಟ್ಟಿದ್ರಿ ಅದರ ಮ್ಯಾಲೆ. ನಾ ನೋಡಿದ್ದೆ. ನೋಡೀನೂ ಮಾಡ್ದೆ.”

ಅವನು ಚೀಲದ ಮೇಲೆ ಕೈಯಿಟ್ಟು, ಅಪ್ಪಣೆ ಕೊಟ್ಟರೆ ಈಗಲೇ ಇದ್ದಹಾಗೆಯೇ ಮಾಡಿಕೊಡುತ್ತೇನೆ, ಕೂದಲೆಳೆಯಷ್ಟೂ ಫರಕು ಬರುವುದಿಲ್ಲ, ಹಳೆಯ ಬಾನೆಟ್ಟಿನ ಮೇಲೆ ಮಾಡಿ ನೋಡಿ ಬಂದಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದ.

“ನೀವು ಬಡದ್ರ ಅದು ನಿಮ್ಮ ತಗ್ಗ ಆಗ್ತೈತ್ರಿ,” ಎಂದರು ಅಕ್ಕೋರು. “ಅವರದಲ್ಲ.”

ಅವನು ಚೀಲವನ್ನು ಕುರ್ಚಿಯ ಕೆಳಗೆ ಸರಿಸಿದ. ಇಷ್ಟು ದಿನ ಹಿತ್ತಲಲ್ಲಿ ಬಡಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಅದಕ್ಕಿಂತ ಹೆಚ್ಚು ಅವನನ್ನು ಚುಚ್ಚಿದ್ದು ಆ ಮಾತಿನೊಳಗಿನ ಖರೆ. ತೆಗೆದದ್ದನ್ನು ತಿರುಗಿ ಕೊಡಲು ಬರುವುದಿಲ್ಲ, ಕೊಸರೆಂದು ಕೊಟ್ಟದ್ದು ಕಳವು ಎಂದು ಅವನಿಗೆ ಪೂರ್ತಿ ಅರ್ಥವಾದದ್ದು ಆ ಕುರ್ಚಿಯ ಮೇಲೆ. ಅಕ್ಕೋರು ಕಿಡಕಿಯಿಂದ ಹೊರಗೆ ಕಾರನ್ನು ನೋಡುತ್ತ, ಅವನಿಗೋ ತಮಗೋ ಎನ್ನುವ ಹಾಗೆ ಮಾತಾಡಿದರು.

“ಅವರು ಇರೂತನಕ ಅದನ್ನ ತೋರಿಸಿ ತೋರಿಸಿ ಬೈದೆ. ಹೋದ ಮ್ಯಾಲೂ ಬಿಡಲಿಲ್ಲ. ಸ್ಟೇರಿಂಗ್ ಹಿಡದ್ರ ಕಣ್ಣ ಮುಂದ ಅದ ಕಾಣತಿತ್ತು. ಮರೋಳ ಮುಟ್ಟೂತನಕ ಬೈಕೋತ ಹೋಗ್ತಿದ್ದೆ. ಈಗ ಬರೇ ರಸ್ತೆ ಕಾಣತೈತಿ. ಯಾರಿಗೆ ಬೈಲಿ?”

“ನನಗ ಬೈರಿ,” ಎಂದ ಹುಸೇನಪೀರ.

ನಿಮಗ್ಯಾಕೆ ಎಂದು ಅವರು ತಲೆ ಅಲ್ಲಾಡಿಸಿದರು. ಅವನು ಎದ್ದು ನಿಂತ. ತಪ್ಪು ನನ್ನದು, ಬೈಸಿಕೊಳ್ಳದೆ ಹೋದರೆ ಊರಲ್ಲಿ ಸುತ್ತಿಗೆ ಹಿಡಿಯಲು ಆಗುವುದಿಲ್ಲ ಎಂದ. ಆಮೇಲೆ ಅಕ್ಕೋರು ಶುರು ಮಾಡಿದರು, ಮೊದಲು ಸಾಲೆಯ ಮಕ್ಕಳಿಗೆ ಹೇಳುವ ಹಾಗೆ, ಮೆಲ್ಲಗೆ. ಬ್ಯಾಡ ಎಂದರೆ ಬ್ಯಾಡ ಎಂದು ತಿಳಿಯಬೇಕು. ಇನ್ನೊಬ್ಬರ ಗಾಡಿಯ ಮೇಲೆ ಕೈಯಿಡುವ ಮುಂದೆ ಕೇಳಬೇಕು, ಕೇಳಿದ ಮೇಲೆ ಅವರು ಹೇಳಿದ್ದನ್ನು ನಡೆಸಬೇಕು. ಹುಸೇನಪೀರ ಹೂಂ ಹೂಂ ಎಂದು ತಲೆಯಾಡಿಸಿದ. ಅವರ ದನಿ ಏರಿತು. ಕಣ್ಣು ಅವನ ಮೇಲಿತ್ತು, ಆದರೆ ಅವನನ್ನು ನೋಡುತ್ತಿರಲಿಲ್ಲ.

“ಹೇಳಿದ್ದನ್ನ ಒಂದ ಸಲಾನರ ಕೇಳೀರೇನು ನೀವು? ಎಣ್ಣಿ ಕೈ ಒರಸ್ಕೋರಿ, ಆಮ್ಯಾಲೆ ಕಾಯಿ ಹಿಡೀರಿ ಅಂತ ಎಷ್ಟ ಬಡ್ಕೊಂಡೆ. ಕೇಳಿದ್ರ್ಯಾ? ಎಲ್ಲಾದಕ್ಕೂ ನಕ್ಕೋತ ಹೋಗೋದು. ಎದಿ ಹಿಡದಂಗ ಆಗೈತಿ ಅಂದ್ರಿ. ನಡೀರಿ, ದವಾಖಾನಿಗೆ ಹೋಗೂಣು ಅಂದೆ. ಬ್ಯಾಡ ಅಂದ್ರಿ.”

ತಾನು ನಾಗಲಿಂಗನಲ್ಲ ಎಂದು ಹುಸೇನಪೀರ ಹೇಳಲು ಹೋಗಲಿಲ್ಲ.

“ಬ್ಯಾಡ ಅಂದ್ರಿ,” ಎಂದರು ಮಹೇಶ್ವರಿ ಮತ್ತೊಮ್ಮೆ. “ನಾ ನಿಮ್ಮ ಮಾತ ಕೇಳಿಬಿಟ್ಟೆ.”

ಅವನು ತಲೆ ತಗ್ಗಿಸಿ ನಿಂತ. ತಪ್ಪಾತು ಎಂದ. ಅವರು ಅಳುತ್ತಿದ್ದರು, ಯಾರ ತಪ್ಪು ಎಂದು ಕೇಳಲಿಲ್ಲ.